ಎರಡನೇ ಸಲ ಬಂದ ಮೀನು

ನಮ್ಮ ಆ್ಯಪ್ ಕೆಡುತ್ತಿದ್ದದ್ದು ಮೀನು ಹೆಚ್ಚು ಬಿದ್ದ ದಿನ ಮಾತ್ರ. ಬೋಟುಗಳು ಬರಿಗೈಯಲ್ಲಿ ವಾಪಸು ಬಂದ ದಿನ ಅದರಷ್ಟು ಒಳ್ಳೆಯ ಆ್ಯಪ್ ಇನ್ನೊಂದಿರಲಿಲ್ಲ. ಇದೊಂದನ್ನು ಮೊದಲೇ ಗಮನಿಸಿದ್ದರೆ ಇಷ್ಟೆಲ್ಲ ಬರೆಯುವ ಹಣೆಬರಹ ನನಗೆ ಬರುತ್ತಿರಲಿಲ್ಲ. ಆದರೆ ನಾನು ಕುಳಿತಿದ್ದದ್ದು ಕುಂದಾಪುರ ಪೇಟೆಯಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ, ಏಸಿ ಕೋಣೆಯಲ್ಲಿ. ಬಂದರು ಇದ್ದದ್ದು ಹೊಳೆಯ ಆಚೆ, ಗಂಗೊಳ್ಳಿಯಲ್ಲಿ. ಕಿಟಕಿಯಿಂದ ಕಾಣುವಷ್ಟು ಹತ್ತಿರವಲ್ಲ, ಹೋಗಲಾರದಷ್ಟು ದೂರವೂ ಅಲ್ಲ. ಆರು ತಿಂಗಳು ಕೂತು ಬಂದರಿನ ಆ್ಯಪ್ ಬರೆದೆ, ಒಂದು ದಿನವೂ ಬಂದರಿಗೆ ಹೋಗಲಿಲ್ಲ.

ಹೆದ್ದಾರಿ ಅಗಲ ಮಾಡುವ ಕೆಲಸ ಮುಗಿಯುವ ಲಕ್ಷಣವೇ ಇಲ್ಲದಿದ್ದ ವರ್ಷಗಳವು. ಹಾಲಾಡಿಯಿಂದ ದಿನಾ ಬಸ್ಸಿನಲ್ಲಿ ಧೂಳು ಕುಡಿಯುತ್ತ ಬರುತ್ತಿದ್ದೆ. ಅಪ್ಪನಿಗೆ ಹಾಲಾಡಿ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಮನೆಯಲ್ಲಿ ಮೀನಿಲ್ಲದೆ ಊಟ ಇಳಿಯುತ್ತಿರಲಿಲ್ಲ, ಆದರೆ ಅದು ದಡಕ್ಕೆ ಬರುವುದು ಹೇಗೆ ಎಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ. ಆಫೀಸಿನ ಯಜಮಾನರು ಮುಂಬೈಯಲ್ಲಿ ಬಹಳ ವರ್ಷ ಹೋಟೆಲು ನಡೆಸಿ ಊರಿಗೆ ಬಂದವರು. ಉಳಿದ ಮೂವರು ಶಾಲೆ, ಆಸ್ಪತ್ರೆಗಳ ವೆಬ್‌ಸೈಟು ಮಾಡುತ್ತಿದ್ದರು. ಫೋನಿನ ಆ್ಯಪ್ ಬರೆಯುವವಳು ನಾನೊಬ್ಬಳೇ. ಹೊಗಳಿಕೆಯೂ ನನಗೇ, ಬೈಗುಳವೂ ನನಗೇ ಬರಬೇಕಿತ್ತು. ಎರಡನೆಯದು ಬರಲಿಲ್ಲ, ಅದೇ ಈ ಕಥೆ.

ಆ್ಯಪ್ ಮೀನು ಮಾರುವ ಹೆಂಗಸರಿಗಾಗಿ. ಕೋಟೇಶ್ವರ, ಬ್ರಹ್ಮಾವರ, ಹಾಲಾಡಿ ಕಡೆ ಬುಟ್ಟಿ ಹೊತ್ತು ಮನೆ ಮನೆಗೆ ಹೋಗುವವರು. ಅವರು ಬೆಳಿಗ್ಗೆ ಬಸ್ಸು ಹತ್ತುವ ಮೊದಲು ಗಂಗೊಳ್ಳಿಗೆ ಹೋಗುವುದೋ ಮಲ್ಪೆಗೆ ಹೋಗುವುದೋ ತೀರ್ಮಾನಿಸಬೇಕು. ಒಂದು ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ. ಮೀನಿಲ್ಲದ ಕಡೆ ಹೋದರೆ ಆ ದಿನ ಹಾಳು. ಅದಕ್ಕೆ ನಾವು ಗಂಗೊಳ್ಳಿಗೆ ಬಂದ ಬೋಟುಗಳ ಒಂದು ಪಟ್ಟಿ ಮಾಡಿದ್ದೆವು. ಬೋಟಿಗೊಂದು ಸಾಲು. ಬೋಟಿನ ಹೆಸರು, ಮೀನಿನ ಫೋಟೋ, ಎಷ್ಟು ಬುಟ್ಟಿ ಇದೆ, ಕೊನೆಗೆ ಹಸಿರಿನಲ್ಲಿ ‘ಇದೆ’ ಅಥವಾ ಕೆಂಪಿನಲ್ಲಿ ‘ಮುಗಿದಿದೆ’. ಬೆರಳಿನಿಂದ ಮೇಲೆ ದೂಡಿದರೆ ಮುಂದಿನ ಬೋಟುಗಳು ಬರುತ್ತವೆ. ಇಷ್ಟೇ.

ಬಂದರಿನಲ್ಲಿ ಕುಳಿತು ಆ ಸಾಲುಗಳನ್ನು ತುಂಬಲು ಒಬ್ಬ ಅಕ್ಕನನ್ನು ನೇಮಿಸಿದ್ದೆವು. ಅವರೂ ಇಪ್ಪತ್ತು ವರ್ಷ ಬುಟ್ಟಿ ಹೊತ್ತವರೇ. ಮೊಣಕಾಲು ಕೈಕೊಟ್ಟಿತ್ತು. ಇನ್ನು ತಲೆಯ ಮೇಲೆ ಭಾರ ಇಟ್ಟರೆ ನಡೆಯುವುದೇ ಕಷ್ಟ ಎಂದು ಡಾಕ್ಟರು ಹೆದರಿಸಿದ್ದರು. ಹಾಗಿರುವಾಗ ಒಂದು ಸ್ಟೂಲು, ಒಂದು ಫೋನು, ತಿಂಗಳ ಸಂಬಳ ಅಂದರೆ ಅವರಿಗೆ ಬದುಕು ಮತ್ತೆ ಸಿಕ್ಕಿದ ಹಾಗೆ. ಹೆಂಗಸರನ್ನು ಒಪ್ಪಿಸಿದ್ದೂ ಅವರೇ. ಮೂವತ್ತು ಜನರ ಫೋನಿಗೆ ಖುದ್ದಾಗಿ ಆ್ಯಪ್ ಹಾಕಿಸಿ, ‘ನಂಬಿ, ನಾನಿದ್ದೇನೆ’ ಎಂದು ಮಾತು ಕೊಟ್ಟಿದ್ದರು. ನಮ್ಮ ಆ್ಯಪ್‌ನಲ್ಲಿ ಜನ ನಂಬಿದ್ದು ಆ ಮಾತನ್ನು. ನನ್ನ ಕೋಡನ್ನು ಯಾರು ಕಂಡಿದ್ದರು?

ಮಳೆಗಾಲದಲ್ಲಿ, ಬೋಟುಗಳೆಲ್ಲ ದಡದಲ್ಲಿ ಮಲಗಿದ್ದಾಗ, ಅವರನ್ನು ಆಫೀಸಿಗೆ ಕರೆಸಿ ಕಲಿಸಿದೆ. ಒದ್ದೆ ಕೊಡೆಯನ್ನು ಬಾಗಿಲಲ್ಲೇ ಇಟ್ಟು, ಕುರ್ಚಿಯ ತುದಿಯಲ್ಲಿ ಕುಳಿತರು.

“ಮೇಡಂ, ನಂಗೆ ಇದೆಲ್ಲ ಬತ್ತಾ ಅಂದೇಳಿ.”

“ಮೇಡಂ ಅನ್ಬೇಡಿ ಅಕ್ಕ. ನಾನ್ ಹಾಲಾಡಿಯವ್ಳೇ.”

“ಹಾಲಾಡಿಯಾ? ಹಾಂಗಾರೆ ನಿಮ್ಮನಿ ಜಗಲಿಯಂಗೂ ನಾನ್ ಬುಟ್ಟಿ ಇಳ್ಸಿಪ್ಪುಕೂ ಸಾಕ್ ತಂಗಿ,” ಎಂದು, ನಮ್ಮ ಮನೆಗೂ ಎಂದೋ ಬಂದಿರಬಹುದೆಂಬಂತೆ ನಕ್ಕರು. ಅಲ್ಲಿಂದ ಮುಂದೆ ನಾನು ತಂಗಿಯೇ.

ಬೇಗ ಕಲಿತರು. ಏನೇನೋ ಪ್ರಶ್ನೆ ಕೇಳಿದರು. ನಾನು ಇನ್ನೊಂದು ಕಡೆ ಕೋಡ್ ಬರೆಯುತ್ತ, ‘ಹೌದಕ್ಕ’, ‘ಹಾಕಿ ಅಕ್ಕ’, ‘ಅದೂ ಆತ್ತ್’ ಎನ್ನುತ್ತಿದ್ದೆ. ನನ್ನ ಪಾಲಿಗೆ ಆ ದಿನದ ದೊಡ್ಡ ಕೆಲಸ ಪಟ್ಟಿ ನಯವಾಗಿ ಜಾರುವಂತೆ ಮಾಡುವುದಾಗಿತ್ತು.

ಮಳೆ ಕಡಿಮೆಯಾಗಿ ಬೋಟುಗಳು ಕಡಲಿಗಿಳಿದವು. ಮೊದಲ ಎರಡು ವಾರ ಎಲ್ಲವೂ ಚೆಂದ. ಯಜಮಾನರು ಸಿಕ್ಕಸಿಕ್ಕವರಿಗೆ ಫೋನು ತೋರಿಸುತ್ತಿದ್ದರು. ಮೂರನೇ ವಾರ ಬೆಳಿಗ್ಗೆ ನಾನು ಇನ್ನೂ ಬಸ್ಸಿನಲ್ಲಿದ್ದಾಗ ಅಕ್ಕನ ಫೋನು ಬಂತು. ಹಿಂದಿನಿಂದ ಮೀನಿನ ಹರಾಜು, ಏಲಂ ಕೂಗುವ ಸದ್ದು.

“ತಂಗೀ, ಇದ್ ಬಂದ್ ಆತ್ತ್ ಮಾರಾಯ್ತಿ. ಹೆಂಗ್ಸ್ರ್ ಎಲ್ಲ ಫೋನ್ ಮಾಡಿ ಬೈತಿದ್ರ್.”

“ಹ್ಯಾಂಗ್ ಬಂದ್ ಆತ್ತ್ ಅಕ್ಕ? ಎಂತ ಮಾಡಿರೆ?”

“ಎಂತ ಮಾಡುದ್ ಬ್ಯಾಡ. ಹೀಂಗೆ ಬೆರ್ಳಂಗೆ ಮೇಲ್ ದೂಡ್ರೆ ಆಯ್ತ್, ಪಟ್ಟಿ ಹಾರಿ ಹೋತ್ತ್. ಮತ್ತೆ ತೆಗ್ದ್ರೆ ಬತ್ತ್, ಮತ್ತೆ ದೂಡ್ರೆ ಹೋತ್ತ್.”

ಸ್ಕ್ರಾಲ್ ಮಾಡುವಾಗ ಕ್ರ್ಯಾಶ್. ಈ ಕೆಲಸದವರಿಗೆ ಇದಕ್ಕಿಂತ ಕಿರಿಕಿರಿಯ ದೂರು ಇನ್ನೊಂದಿಲ್ಲ. ಗುಂಡಿ ಒತ್ತಿದಾಗ ಕೆಡುವ ಆ್ಯಪ್‌ನಲ್ಲಿ ಆ ಗುಂಡಿಯ ಹಿಂದೆ ಹುಡುಕಿದರಾಯಿತು. ಪಟ್ಟಿ ಜಾರುವಾಗ ಕೆಟ್ಟರೆ ಎಲ್ಲಿ ಕೈ ಹಾಕುವುದು?

ನನ್ನ ಮೊದಲ ಗುಮಾನಿ ಫೋಟೋಗಳ ಮೇಲೆ. ಅಕ್ಕ ತೆಗೆದ ಫೋಟೋಗಳು ದೊಡ್ಡವು, ಹೆಂಗಸರ ಫೋನುಗಳು ಅಗ್ಗದವು. ಪಟ್ಟಿ ಸರಿಸುತ್ತ ಹೋದಂತೆ ಒಂದೊಂದೇ ಫೋಟೋ ಬಿಚ್ಚಿ ಮೆಮೊರಿ ತುಂಬಿ ಆ್ಯಪ್ ಸಾಯುವುದುಂಟು. ಫೋಟೋ ಕಳಿಸುವ ಮೊದಲೇ ಕುಗ್ಗಿಸುವಂತೆ, ಪರದೆಯಿಂದ ಮರೆಯಾದ ಫೋಟೋವನ್ನು ಕೂಡಲೇ ಬಿಟ್ಟುಬಿಡುವಂತೆ ಬರೆದೆ. ಎರಡು ದಿನದ ಕೆಲಸ. “ಸಮ ಆಯ್ತ್ ಅಕ್ಕ, ಹೊಸ ಆ್ಯಪ್ ಹಾಕ್ಕಣಿ ಅಂತ ಹೇಳಿ” ಎಂದೆ. ಅವರು ಮೂವತ್ತು ಜನಕ್ಕೂ ಹೇಳಿದರು. ಹತ್ತು ದಿನ ತೊಂದರೆ ಇರಲಿಲ್ಲ. ಆಮೇಲೆ ಮೀನು ರಾಶಿ ಬಿದ್ದ ದಿನ ಮತ್ತೆ ಅದೇ ಫೋನು, ಅದೇ ಮಾತು.

ಎರಡನೇ ಗುಮಾನಿ ಇನ್ನೂ ಜಾಣತನದ್ದು. ಹೆಂಗಸರು ಪಟ್ಟಿ ಸರಿಸುತ್ತಿರುವಾಗಲೇ ಬಂದರಿನಿಂದ ಹೊಸ ಸಾಲು ಬಂದರೆ? ಪರದೆ ‘ಒಟ್ಟು ಹನ್ನೆರಡು ಸಾಲು’ ಎಂದು ನಂಬಿಕೊಂಡಿರುತ್ತದೆ, ಹಿಂದಿನಿಂದ ಅದೇ ಹೊತ್ತಿಗೆ ನಡೆಯುವ ಇನ್ನೊಂದು ಕೆಲಸ, ನಾವು ಥ್ರೆಡ್ ಎನ್ನುವುದು, ಪಟ್ಟಿಯನ್ನೇ ಬದಲಿಸಿರುತ್ತದೆ. ಎರಡರ ಲೆಕ್ಕ ತಾಳೆಯಾಗದೆ ಆ್ಯಪ್ ಬಿದ್ದುಹೋಗುತ್ತದೆ. ನನ್ನ ಕೋಡಿನಲ್ಲಿ ಆ ತಪ್ಪು ನಿಜಕ್ಕೂ ಇತ್ತು. ಕಂಡದ್ದೇ ತಡ, ಹಿಡಿದೆ ಎಂದು ಕುಣಿದೆ. ಹೊಸ ಮಾಹಿತಿ ಬಂದರೆ ಬೇರೆ ಪ್ರತಿಯೊಂದನ್ನು ತಯಾರಿಸಿ, ಪರದೆಯ ಥ್ರೆಡ್ಡಿನಲ್ಲೇ ಒಂದೇ ಸಲ ಬದಲಿಸುವಂತೆ ಮಾಡಿದೆ. ಮತ್ತೆ ಅಕ್ಕನಿಗೆ, ಅಕ್ಕನಿಂದ ಮೂವತ್ತು ಜನಕ್ಕೆ ‘ಸಮ ಆಯ್ತ್’. ಈ ಸಲ ಎರಡು ವಾರ ನಡೆಯಿತು. ಆ ಎರಡು ವಾರ ಮೀನೇ ಇರಲಿಲ್ಲ ಎಂದು ನನಗೆ ಹೇಳುವವರು ಯಾರು, ನಾನು ಕೇಳಿದ್ದರೆ ತಾನೆ?

ಮತ್ತೆ ಕೆಟ್ಟಾಗ ಅಕ್ಕ ಸುಮ್ಮನಿರಲಿಲ್ಲ. ಐದಾರು ಹೆಂಗಸರ ಫೋನುಗಳನ್ನೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಮಧ್ಯಾಹ್ನ ಆಫೀಸಿಗೆ ಬಂದರು. ಮೀನಿನ ವಾಸನೆಗೆ ಯಜಮಾನರು ಏಸಿ ಆರಿಸಿ ಕಿಟಕಿ ತೆಗೆಸಿದರು. ನಾನು ಒಂದೊಂದೇ ಫೋನಿಗೆ ಕೇಬಲ್ ಚುಚ್ಚಿ, ಪಟ್ಟಿಯನ್ನು ಮೇಲೆ ಕೆಳಗೆ ಮಾಡಿ ಬೆರಳು ನೋಯಿಸಿಕೊಂಡೆ. ಒಂದೂ ಕೆಡಲಿಲ್ಲ. ಕೆಡುವುದಾದರೂ ಹೇಗೆ? ‘ಮುಗಿದಿದೆ’ ಎಂದಾದ ಸಾಲು ಒಂದೆರಡು ಗಂಟೆ ಕೆಂಪಾಗಿದ್ದು, ಮತ್ತೆ ಪಟ್ಟಿಯಿಂದ ತಾನಾಗಿ ಹೋಗುವಂತೆ ನಾನೇ ಬರೆದಿದ್ದೆ. ಮಧ್ಯಾಹ್ನಕ್ಕೆ ಉಳಿದದ್ದು ನಾಲ್ಕೇ ಸಾಲು. ಕೊಲೆ ಆದಲ್ಲಿಗೆ ಹೋಗುವ ಮೊದಲು ನೆಲ ಒರೆಸಿಟ್ಟ ಹಾಗೆ, ಒರೆಸಿದವಳೂ ನಾನೇ.

“ಫೋನ್ ಹಳತಾಯಿತ್ ಅಕ್ಕ, ಅದ್ಕೇ ಇಪ್ಪುಕೂ ಸಾಕ್” ಎಂದೆ.

ಅಕ್ಕ ಫೋನುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕುತ್ತ, “ಹಳ್ತಾದ್ರೆ ದಿನಾ ಬಂದ್ ಆಯ್ಕಲ್ದಾ ತಂಗಿ? ಕೆಲ ದಿನ ಸಮ ಇಪ್ಪುದ್ ಎಂತಕ್ಕೆ?” ಎಂದರು.

ಅದು ನಾನು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು ಕೇಳಿದರು, ಇಂಜಿನಿಯರಿಂಗ್ ಓದಿದವಳು ಕೀಬೋರ್ಡಿನ ಧೂಳು ಊದಿದೆ.

ಆಮೇಲೆ ಒಂದು ಬುದ್ಧಿವಂತಿಕೆಯ ಕೆಲಸ ಮಾಡಿದೆ. ಆ್ಯಪ್ ಸಾಯುವಾಗ ಕೊನೆಯ ಮಾತನ್ನು ಫೋನಿನಲ್ಲೇ ಬರೆದಿಟ್ಟು, ಮುಂದಿನ ಸಲ ತೆರೆದಾಗ ನನಗೆ ಕಳಿಸುವಂತೆ ಮಾಡಿದೆ. ಮುಂದಿನ ದೊಡ್ಡ ಮೀನಿನ ದಿನ ಒಂದರ ಹಿಂದೆ ಒಂದು ಬಂದು ಬಿದ್ದವು. ಎಲ್ಲದರ ಸಾರವೂ ಒಂದೇ: ಇನ್ನೂ ಕಳಚದೆ ಇರುವ ಸಾಲನ್ನು ಮತ್ತೆ ಜೋಡಿಸಲು ಹೊರಟಿದ್ದೀರಿ.

ಇದು ಅರ್ಥವಾಗಬೇಕಾದರೆ ಪಟ್ಟಿ ಜಾರುವ ಬಗೆ ಗೊತ್ತಿರಬೇಕು. ಐವತ್ತು ಬೋಟುಗಳಿದ್ದರೂ ಫೋನು ಐವತ್ತು ಸಾಲು ಮಾಡಿಡುವುದಿಲ್ಲ. ಪರದೆಯಲ್ಲಿ ಹಿಡಿಸುವಷ್ಟು, ಎಂಟೋ ಒಂಬತ್ತೋ, ಮಾಡಿಕೊಳ್ಳುತ್ತದೆ. ಮೇಲಿನಿಂದ ಮರೆಯಾದ ಸಾಲನ್ನು ಕಳಚಿ, ಒಳಗಿನ ಮಾಹಿತಿ ಬದಲಿಸಿ, ಕೆಳಗೆ ತಂದು ಜೋಡಿಸುತ್ತದೆ. ಹೋಟೆಲಿನಲ್ಲಿ ಉಂಡೆದ್ದವರ ತಟ್ಟೆಯನ್ನು ತೊಳೆದು ಮುಂದಿನವರಿಗೆ ಬಡಿಸಿದ ಹಾಗೆ. ಯಾವ ಸಾಲು ಯಾವುದೆಂದು ಅದಕ್ಕೆ ತಿಳಿಯಲು ಪ್ರತಿ ಸಾಲಿಗೂ ಬೇರೆ ಬೇರೆ ಗುರುತು ಸಂಖ್ಯೆ ಕೊಡಬಹುದು. ನಾನು ಬೋಟಿನ ನೋಂದಣಿ ಸಂಖ್ಯೆಯನ್ನೇ ಗುರುತಾಗಿ ಕೊಟ್ಟಿದ್ದೆ. ಪ್ರತಿ ನಮೂದಿಗೂ ಸರ್ವರ್ ತಾನಾಗಿ ಕೊಡುವ ಕ್ರಮಸಂಖ್ಯೆ ಇತ್ತು, ಅದನ್ನು ಬಿಟ್ಟಿದ್ದೆ. ಒಂದು ಬೋಟಿಗೆ ಒಂದು ಸಂಖ್ಯೆ, ಅದು ಬದಲಾಗುವುದಿಲ್ಲ, ಇದಕ್ಕಿಂತ ಗಟ್ಟಿ ಗುರುತು ಯಾವುದಿದೆ ಎಂದು ಬೆನ್ನು ತಟ್ಟಿಕೊಂಡಿದ್ದೆ.

ದೋಷದ ಮಾತು ಕೈಯಲ್ಲಿದ್ದರೂ ಕಾರಣ ಹೊಳೆಯಲಿಲ್ಲ. ಯಜಮಾನರು ಮೇಜಿನ ಪಕ್ಕ ಬಂದು ನಿಂತರು. ಬೈಂದೂರು ಕಡೆಯ ಮೀನಿನ ವ್ಯಾಪಾರಿಗಳು ಮುಂದಿನ ವಾರ ಆ್ಯಪ್ ನೋಡಲು ಬರುವವರಿದ್ದರು.

“ಅರೇ, ಬಂದ್ ಆಪ್ದ್ ಒಂದ್ ನಿಲ್ಸ್ ಮಾರಾಯ್ತಿ. ಒಳ್ಗೆ ಎಂತ ಆತ್ತ್ ಅಂದೇಳಿ ಅವ್ರಿಗೆಂತ ಗೊತ್ತಾತ್ತ್?”

ಅಂತರ್ಜಾಲದಲ್ಲಿ ಹುಡುಕಿದರೆ ಇದೇ ದೋಷಕ್ಕೆ ನೂರಾರು ಜನ ಮೆಚ್ಚಿದ ಒಂದು ಉಪಾಯ ಸಿಕ್ಕಿತು. ಸಾಲುಗಳನ್ನು ಜೋಡಿಸುವ ಜಾಗದಲ್ಲೇ ಟ್ರೈ-ಕ್ಯಾಚ್ ಹಾಕಿ, ದೋಷ ಬಂದರೆ ಸುಮ್ಮನೆ ನುಂಗಿಬಿಡುವುದು. ಬೊಬ್ಬೆ ಹೊಡೆಯುವವನ ಬಾಯಿಗೆ ಬಟ್ಟೆ ತುರುಕುವ ಚಿಕಿತ್ಸೆ. ಅದು ಗೊತ್ತಿದ್ದೇ ಹಾಕಿದೆ. ಆಮೇಲೆ ಸರಿಯಾಗಿ ನೋಡಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಎಂಬುದು ಈ ಕೆಲಸದಲ್ಲಿ ಯಾವಾಗ ಬಂದಿದೆ?

ಆ್ಯಪ್ ಕೆಡುವುದು ನಿಂತಿತು. ಬೈಂದೂರಿನವರು ಬಂದು ಮೆಚ್ಚಿ ಹೋದರು. ನಾನು ಹಾಯಾಗಿ ಮನೆಗೆ ಹೋದೆ.

ಆ ವಾರದ ಕೊನೆಗೆ, ಬೆಳಿಗ್ಗೆ ಹತ್ತೂವರೆಗೆ, ಮೂರು ಮಂದಿ ಹೆಂಗಸರು ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಖಾಲಿ ಬುಟ್ಟಿ. ಹಿಂದಿನಿಂದ, ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತುತ್ತ, ಅಕ್ಕ. ಮೂವರಲ್ಲಿ ಹಿರಿಯಾಕೆ ಕೋಟೇಶ್ವರದವರು. ಯಜಮಾನರ ಮೇಜಿನ ಮೇಲೆ ಫೋನನ್ನು ಕುಕ್ಕಿದರು.

“ಹ್ವಾಯ್, ಇದ್ರಂಗೆ ಬೆಳ್ಗಾತ ಮುಗ್ದಿತ್ ಅಂದೇಳಿ ಇದ್ದಿತ್. ನಾವೆಲ್ಲ ಮಲ್ಪೆ ಬಸ್ ಹತ್ಕಂಡ್ ಹೋದ್ದೇ ಬಂತ್, ಅಲ್ಲಿ ಎಂತ ಇರ್ಲಿಲ್ಲ. ಇಲ್ಲ್ ಕಂಡ್ರೆ ಬಂಗ್ಡಿ ಮೀನ್ ರಾಶಿ ಬಿದ್ಕಂಡ್ ಇದ್ದಿತಂಬ್ರ್. ಲಾರಿಯರ್ ತುಂಬ್ಸ್ಕಂಡ್ ಹೋದ್ರಂಬ್ರ್!”

“ನಾನ್ ಇತ್ತ್ ಅಂದೇಳೇ ಹಾಕಿದ್ದ್,” ಎಂದರು ಅಕ್ಕ. ನಮ್ಮ ಕಡೆಯ ‘ಇತ್ತ್’ ಅಂದರೆ ಆ್ಯಪ್‌ನ ಹಸಿರು ‘ಇದೆ’. ಉಸಿರು ಇನ್ನೂ ಸರಿಯಾಗಿರಲಿಲ್ಲ. “ನನ್ ಫೋನಂಗೆ ಕಾಣಿ ಬೇಕಾರೆ.”

“ಸುಳ್ಳ್ ಹೇಳ್ಬೇಡ. ಮೊದ್ಲ್ ಸಣ್ಣ ದೋಣಿಯಂಗೆ ಬಂದದ್ದ್ ಮುಗ್ದಿತ್, ಅದ್ ಸಮ. ಮತ್ತೆ ಬೋಟ್ ಬಂತಲೆ, ಎರಡ್ನೇ ಸರ್ತಿದ್? ಅದ್ರಂಗೂ ಮುಗ್ದಿತ್ ಅಂದೇಳಿ ಹಾಕಿದ್ದೆ ನೀನ್. ಎರಡ್ ಸಾಲೂ ಕೆಂಪ್ ಇದ್ದದ್ದ್ ನನ್ ಕಣ್ಣಾರೆ ಕಂಡಿದ್ದೆ. ಲಾರಿಯರ್ ಹತ್ರ ಎಂತ ತಕಂಡೆ?”

ಯಜಮಾನರು ನನ್ನ ಕಡೆ ತಿರುಗಿದರು. ನಾನು ಸರ್ವರಿನ ಪುಟ ತೆರೆದೆ. ಆ ಬೋಟಿನ ಹೆಸರಿನಲ್ಲಿ ಎರಡು ನಮೂದು. ಮೊದಲನೆಯದು ಮುಗಿದಿದೆ. ಎರಡನೆಯದು ಇದೆ, ಬುಟ್ಟಿಗಳ ಸಂಖ್ಯೆ ಮೊದಲಿನದರ ಐದು ಪಟ್ಟು. ಎರಡಕ್ಕೂ ಒಂದೇ ನೋಂದಣಿ ಸಂಖ್ಯೆ.

ನೋಡಿದ ಕ್ಷಣವೇ ಹಿರಿಯಾಕೆ ಹೇಳಿದ ‘ಎರಡ್ನೇ ಸರ್ತಿ’ಯ ಅರ್ಥ ಹೊಳೆಯಿತು. ಬಲೆ ತುಂಬಿದ ದಿನ ಬೋಟು ಒಂದೇ ಸಲ ಎಲ್ಲವನ್ನೂ ತರುವುದಿಲ್ಲ. ಜೊತೆಗಿರುವ ಸಣ್ಣ ದೋಣಿ ಒಂದಷ್ಟನ್ನು ಮೊದಲೇ ದಡಕ್ಕೆ ತರುತ್ತದೆ, ಬೋಟು ಉಳಿದದ್ದನ್ನು ಹೊತ್ತು ಆಮೇಲೆ ಬರುತ್ತದೆ. ಯಾವುದು ಹೊತ್ತು ತಂದರೂ ಮೀನು ಬಲೆ ಹಾಕಿದ ಬೋಟಿನದ್ದೇ. ಬಂದರಿನಲ್ಲಿ ಸಣ್ಣ ಮಕ್ಕಳಿಗೂ ಗೊತ್ತಿರುವ ಮಾತು. ಹಾಗೆ ಒಂದೇ ಬೋಟು ಎರಡು ಸಾಲಾಗಿ ಬಂದಾಗ ಎರಡಕ್ಕೂ ನಾನು ಕೊಟ್ಟಿದ್ದ ಗುರುತು ಒಂದೇ. ಮೊದಲು ಆ್ಯಪ್ ಗೊಂದಲಗೊಂಡು ಸಾಯುತ್ತಿತ್ತು. ನಾನು ಬಾಯಿಗೆ ಬಟ್ಟೆ ತುರುಕಿದ ಮೇಲೆ, ಎರಡನೇ ಸಾಲಿನ ಜಾಗದಲ್ಲಿ ಮೊದಲ ಸಾಲನ್ನೇ ತಂದು ತೋರಿಸತೊಡಗಿತ್ತು. ಅಕ್ಕ ‘ಇದೆ’ ಎಂದು ಹಾಕಿದ್ದನ್ನು ಹೆಂಗಸರ ಫೋನು ‘ಮುಗಿದಿದೆ’ ಎಂದು ತೋರಿಸಿತ್ತು. ಸುಳ್ಳು ಹೇಳಿದ್ದು ನನ್ನ ಕೋಡು.

“ಎಂತ ಇತ್ತ್ ಅದ್ರಂಗೆ?” ಯಜಮಾನರು ಕೇಳಿದರು.

“ಎರಡು ಎಂಟ್ರಿ ಇತ್ತ್,” ಎಂದೆ.

“ಒಂದ್ ಬೋಟಿಗೆ ಎರಡ್ ಎಂಟ್ರಿಯಾ?” ಅವರು ಅಕ್ಕನ ಮೇಲೆ ಏರಿಹೋದರು. “ಒಂದ್ರಂಗೆ ಮುಗ್ದಿತ್, ಒಂದ್ರಂಗೆ ಇತ್ತ್ ಅಂದೇಳಿ ಹಾಕಿರೆ ಜನ ಯಾವ್ದನ್ನ್ ನಂಬುದ್? ಅಷ್ಟೂ ಗೊತ್ತಾತಿಲ್ಯಾ ನಿಂಗೆ?”

“ಎರಡ್ ಸರ್ತಿ ಬಂದಿತ್, ಎರಡ್ ಸರ್ತಿ ಹಾಕಿದೆ,” ಎಂದರು ಅಕ್ಕ. “ನಾನ್ ಯಾರತ್ರವೂ ಎಂತ ತಕಣ್ಲಿಲ್ಲ. ತಂಗೀ, ನೀನಾರೂ ಹೇಳ್.”

ಎಲ್ಲರೂ ನನ್ನನ್ನು ನೋಡಿದರು. ಹೇಳಬೇಕಾದ್ದು ಒಂದೇ ವಾಕ್ಯ: ತಪ್ಪು ನನ್ನದು. ನನಗೆ ಭಯವಾಯಿತು. ಬೈಂದೂರಿನ ಕೆಲಸ ಕೈತಪ್ಪುತ್ತದೆ, ನನ್ನ ಕೆಲಸವೂ ಹೋಗುತ್ತದೆ, ಅದಕ್ಕಿಂತ ಹೆಚ್ಚಾಗಿ, ಈ ಕೋಣೆಯಲ್ಲಿ ಎಲ್ಲ ಬಲ್ಲವಳು ಎಂದಿದ್ದ ಹೆಸರು ಹೋಗುತ್ತದೆ. ಭಯಕ್ಕಿಂತ ಒಣಜಂಭವೇ ಹೆಚ್ಚಿತ್ತು ಎಂದು ಈಗ ಹೇಳಬಲ್ಲೆ.

“ಇನ್ನೂ ಸ್ವಲ್ಪ ನೋಡ್ಬೇಕು,” ಎಂದೆ.

ಯಜಮಾನರು ಆಫೀಸಿನ ಫೋನು ವಾಪಸು ಕೇಳಿ ಕೈ ಚಾಚಿದರು. ಅಕ್ಕ ತನ್ನ ಸಿಮ್ ತೆಗೆಯಲು ಹೋಗಿ, ಉಗುರಿಗೆ ಸಿಗದೆ, ಫೋನನ್ನು ನನ್ನ ಮುಂದೆ ಹಿಡಿದರು. ನಾನು ಪಿನ್ನು ಹಾಕಿ ಸಿಮ್ ತೆಗೆದುಕೊಟ್ಟೆ. ಆ ದಿನ ಅವರಿಗೆ ನಾನು ಮಾಡಿದ ಉಪಕಾರ ಅಷ್ಟೇ. ಇಳಿಯುವಾಗ ಆ ಮೂವರು ಹೆಂಗಸರು ಅಕ್ಕನ ಜೊತೆ ಇಳಿಯಲಿಲ್ಲ. ಅಕ್ಕ ಕೆಳಗೆ ಹೋಗುವ ತನಕ ಮೇಲೆಯೇ ನಿಂತಿದ್ದರು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿನಲ್ಲಿ ಬಂದು, ಆಫೀಸಿಗೆ ಹೋಗದೆ, ಗಂಗೊಳ್ಳಿಗೆ ಹೋದೆ. ಎಂಥ ಹೊತ್ತಿಗೆ ಹೊಳೆಯಿತು ನೋಡಿ. ಬೋಟು ಕಟ್ಟುವ ಜೆಟ್ಟಿಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಒಂದು ಸಣ್ಣ ದೋಣಿ ಬಂದು ತಾಗಿತು. ಬುಟ್ಟಿಗಳು ಮೇಲೆ ಬಂದವು, ಬೋಟಿನ ಹೆಸರು ಹಿಡಿದು ಏಲಂ ಆಯಿತು. ನಾನು ಗಂಟೆ ನೋಡುತ್ತ ನಿಂತೆ. ಮುಕ್ಕಾಲು ಗಂಟೆಯ ಮೇಲೆ ದೊಡ್ಡ ಬೋಟು ಬಂತು. ಅದೇ ಹೆಸರು, ಮತ್ತೆ ಏಲಂ. ಇಷ್ಟನ್ನು ಕಾಣಲು ನನಗೆ ಬೇಕಾದದ್ದು ಒಂದು ಬಸ್ಸಿನ ಟಿಕೇಟು, ಒಂದು ಬೆಳಗು. ಐಸು ಮಾರುವ ಅಂಗಡಿಯ ಪಕ್ಕ ಅಕ್ಕನ ಸ್ಟೂಲು ಖಾಲಿ ಇತ್ತು. ಯಾರೋ ಅದರ ಮೇಲೆ ಒದ್ದೆ ಗೋಣಿ ಒಣಹಾಕಿದ್ದರು.

ಆಫೀಸಿಗೆ ಬಂದು ಟ್ರೈ-ಕ್ಯಾಚ್ ಕಿತ್ತು ಹಾಕಿದೆ. ಗುರುತಿಗೆ ಬೋಟಿನ ಸಂಖ್ಯೆ ತೆಗೆದು ಸರ್ವರಿನ ಕ್ರಮಸಂಖ್ಯೆ ಹಾಕಿದೆ. ಕೋಡಿನಲ್ಲಿ ಬದಲಾದದ್ದು ಎರಡೇ ಸಾಲು. ಒಂದೇ ಬೋಟಿನ ಹೆಸರಿನಲ್ಲಿ ಹತ್ತು ನಮೂದು ತುಂಬಿಸಿ, ಪಟ್ಟಿಯನ್ನು ಹುಚ್ಚಿಯ ಹಾಗೆ ಮೇಲೆ ಕೆಳಗೆ ದೂಡಿದೆ. ಕೆಡಲಿಲ್ಲ, ತಪ್ಪೂ ತೋರಿಸಲಿಲ್ಲ. ಟ್ರೈ-ಕ್ಯಾಚ್ ಹಾಕುವ ಮೊದಲಿನ ಹಳೆಯ ಕೋಡಿಗೆ ಅದೇ ಹತ್ತು ನಮೂದು ಕೊಟ್ಟರೆ ಮೂರನೇ ಸಲ ದೂಡಿದಾಗ ಸತ್ತಿತು. ನನ್ನ ಮೇಜಿನ ಮೇಲೆ ಅದು ಸತ್ತದ್ದು ಅದೇ ಮೊದಲು. ತಿಂಗಳುಗಟ್ಟಲೆ ಹುಡುಕಿದ ದೋಷ ಕೈಗೆ ಸಿಕ್ಕಾಗ ಈ ಕೆಲಸದವರಿಗೆ ಆಗುವ ಒಂದು ಸುಖವಿದೆ. ಆ ದಿನ ಅದು ನನ್ನ ಹತ್ತಿರ ಸುಳಿಯಲಿಲ್ಲ.

ಯಜಮಾನರ ಮುಂದೆ ಕೂತು ಎಲ್ಲ ಹೇಳಿದೆ. ಎರಡೂ ಕೋಡುಗಳನ್ನು ಪಕ್ಕ ಪಕ್ಕ ಇಟ್ಟು ತೋರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಈಗ ಸಮ ಆಯ್ತಲೆ?”

“ಆಯ್ತ್. ಅಕ್ಕನ್ನ ವಾಪಸ್ ಕರೀಕ್. ಹೆಂಗಸ್ರಿಗೂ ಹೇಳ್ಕ್, ತಪ್ಪ್ ನಮ್ದೇ ಅಂದೇಳಿ.”

“ಕಾಣ್, ಹೆಂಗ್ಸ್ರಿಗೆ ಆ್ಯಪ್ ಸುಳ್ಳ್ ಹೇಳ್ತ್ ಅಂದೇಳಿ ಗೊತ್ತಾರೆ ನಾಳೆ ಒಬ್ಳೂ ಮುಟ್ಟುದಿಲ್ಲ. ಈಗ ಅವ್ರ್ ಅಂದ್ಕಂಡದ್ದೆಂತ? ಆ ಹೆಂಗ್ಸ್ ಮೋಸ ಮಾಡ್ತ್, ತೆಗ್ದ್ ಹಾಕಿದ್ರ್ ಅಂದೇಳಿ. ಅದ್ ನಮ್ಗೆ ಒಳ್ಳೇದೇ.” ಮತ್ತೆ ಧ್ವನಿ ಇಳಿಸಿ, “ನೀನ್ ನಿನ್ನೆ ಹೇಳಿರೆ ಬೇರೆ ಮಾತ್. ಇವತ್ತ್ ಹೇಳಿ ಎಂತ ಪ್ರಯೋಜನ?” ಎಂದರು.

ಅವರ ಮೇಲೆ ಉಗಿಯಬೇಕೆನಿಸಿತು. ಆದರೆ ಕೊನೆಯ ಆ ಮಾತು ನಿಜವಾಗಿತ್ತು. ಹೊಸ ಆ್ಯಪ್ ಬಿಡುವಾಗ ‘ಏನು ಬದಲಾಗಿದೆ’ ಎಂಬಲ್ಲಿ ‘ಮಾಹಿತಿ ತುಂಬುವಾಗಿನ ದೋಷಗಳನ್ನು ಸರಿಪಡಿಸಲಾಗಿದೆ’ ಎಂದು ಬರೆಯಲು ಹೇಳಿದರು. ನಾನು ಆ ಜಾಗವನ್ನು ಖಾಲಿ ಬಿಟ್ಟೆ. ಅದನ್ನೇ ದೊಡ್ಡ ಧೈರ್ಯ ಎಂದುಕೊಂಡು ಕೆಲವು ದಿನ ಓಡಾಡಿದೆ. ಕೆಲಸ ಬಿಡಲಿಲ್ಲ. ಮತ್ತೂ ಒಂದು ವರ್ಷ ಅಲ್ಲೇ ಇದ್ದೆ. ಆ್ಯಪ್ ಆಮೇಲೆ ಒಂದು ಸಲವೂ ಕೆಡಲಿಲ್ಲ. ಅಕ್ಕನ ಸ್ಟೂಲಿಗೆ ಯಜಮಾನರ ಸಂಬಂಧಿಕರೊಬ್ಬರು ಬಂದರು.

ಅಕ್ಕನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಮನೆ ಹುಡುಕಿಕೊಂಡು ಹೋಗಬಹುದಿತ್ತು. ಇವತ್ತು, ನಾಳೆ ಎಂದು ದೂಡಿದೆ.

ಎರಡು ತಿಂಗಳ ಮೇಲೆ ಒಂದು ಭಾನುವಾರ, ಹಾಲಾಡಿ ಪೇಟೆಯಲ್ಲಿ ಬಸ್ಸುಗಳು ತಿರುಗುವ ಜಾಗದ ಪಕ್ಕ, ಒಂದು ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಅವರು ಕುಳಿತಿದ್ದರು. ಮುಂದೆ ಬುಟ್ಟಿ. ಮೊಣಕಾಲಿಗೆ ಹಳೆಯ ಸೀರೆಯ ತುಂಡು ಬಿಗಿದು ಕಟ್ಟಿದ್ದರು. ಆ ಕಾಲನ್ನು ಮಡಚಲಾಗದೆ ನೇರ ಚಾಚಿಕೊಂಡಿದ್ದರು, ಹೋಗುವ ಬರುವ ಜನ ಅದನ್ನು ದಾಟಿಕೊಂಡು ನಡೆಯುತ್ತಿದ್ದರು. ನಾನು ಎದುರಿಗೆ ಹೋಗಿ ಕುಕ್ಕರುಗಾಲಿನಲ್ಲಿ ಕುಳಿತೆ. ಮಾತು ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ, ಗುರುತು ಸಂಖ್ಯೆ, ಸಾಲು, ಸರ್ವರ್ ಎಂದು ಏನೇನೋ ಬಡಬಡಿಸಿದೆ. ಕೊನೆಗೆ ಹೇಳಿದೆ.

“ತಪ್ಪ್ ನಂದೇ ಅಕ್ಕ. ನೀವ್ ಸಮ ಹಾಕಿದ್ರಿ. ಆ ದಿನವೇ ನಂಗೆ ಗೊತ್ತಾಯಿತ್. ನಾನ್ ಹೇಳ್ಲಿಲ್ಲ.”

ಅವರು ಒಬ್ಬರಿಗೆ ಮೀನು ಕಟ್ಟಿ ಕೊಟ್ಟು, ಕೈಯನ್ನು ಬುಟ್ಟಿಯ ಅಂಚಿಗೆ ಒರೆಸಿಕೊಂಡರು. ಸಿಟ್ಟಿಲ್ಲ. ಸಿಟ್ಟಿದ್ದಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

“ಮೊದ್ಲ್ ದಿನ ನಿಮ್ಮತ್ರ ಕೇಂಡಿದ್ದೆ,” ಎಂದರು. “ನೆನ್ಪಿತ್ತಾ?”

ನನಗೆ ನೆನಪಿರಲಿಲ್ಲ.

“ಮಳೆಗಾಲದಂಗೆ, ಕಲ್ಸುಕೆ ಕರ್ದಿದ್ರಿಯಲೆ. ಅದೇ ಬೋಟ್ ಎರಡ್ನೇ ಸರ್ತಿ ಬಂದ್ರೆ ಎಂತ ಮಾಡ್ಕ್ ಅಂದೇಳಿ ಕೇಂಡೆ. ನೀವ್ ಆ ಕಂಪ್ಯೂಟರ್ ಕಾಂತಾ ಇದ್ರಿ. ‘ಇನ್ನೊಂದ್ ಹಾಕಿ ಅಕ್ಕ’ ಅಂದ್ರಿ.” ಬುಟ್ಟಿಯ ಮೇಲಿನ ನೊಣ ಓಡಿಸಿ, “ಹಾಕಿದೆ” ಎಂದರು.

ಹಿಂದೆ ಕುಂದಾಪುರದ ಬಸ್ಸು ತಿರುಗಿ ಹಾರ್ನು ಹೊಡೆಯುತ್ತಿತ್ತು. ಅವರು ಬುಟ್ಟಿಯ ಮೇಲಿನ ಎಲೆ ಸರಿಸಿ, ಎಲ್ಲ ಗಿರಾಕಿಗಳ ಮುಖ ನೋಡುವ ಹಾಗೆ ನನ್ನ ಮುಖ ನೋಡಿದರು.

“ಬಂಗ್ಡಿ ಇತ್ತ್ ಮೇಡಂ. ತಕಂತ್ರಿಯಾ?”